ಹೂವಿಗೂ ವರ್ಗ ಉಂಟು

ಶೀತದೇಶಗಳ ತೋಟಗಳಲ್ಲಿ ಐರಿಸ್ ಎಂಬ ಹೂವುಂಟು. ಅದರ ಮೂರು ದಳಗಳು ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಜೋತಿರುತ್ತವೆ. ಜೋತ ದಳಗಳ ಮೇಲೆ ರೋಮದ ಸಾಲಿರುವ ಬಗೆಗೆ ‘ಗಡ್ಡದ ಐರಿಸ್’ ಎಂದು ಹೆಸರು. ನಮ್ಮ ಕಾಶ್ಮೀರದಲ್ಲಿ ಇಂಥದೊಂದನ್ನು ಸಮಾಧಿಗಳ ಬಳಿ ನೆಡುವ ರೂಢಿಯಿದೆ. ಚಳಿಯೇ ಇಲ್ಲದ ಚೆನ್ನೈಗೆ ಅದು ಒಗ್ಗುವ ಗಿಡವಲ್ಲ. ಆದರೂ ಅದನ್ನು ವಿಂಗಡಿಸುವ ಕ್ರಮದಿಂದ ನಾವು ಕಲಿಯಬೇಕಾದುದುಂಟು.

1920ರಲ್ಲಿ ಸ್ಥಾಪನೆಯಾದ ಅಮೆರಿಕದ ಐರಿಸ್ ಸಂಘವು ಇವನ್ನು ಆರು ವರ್ಗ ಮಾಡಿದೆ. 8 ಅಂಗುಲದೊಳಗಿನದು ಅತಿಕುಳ್ಳು. 8ರಿಂದ 16 ಅಂಗುಲದ್ದು ಕುಳ್ಳು. 27½ ಅಂಗುಲ ಮೀರಿದ್ದು ನೀಳ. ಕುಳ್ಳ ಗಿಡ ಮೊದಲು ಹೂ ಬಿಡುತ್ತದೆ, ನೀಳ ಗಿಡ ಕಡೆಗೆ. ತೊಡಕು ಬರುವುದು ನಡುವಿನ ಗಿಡಗಳಲ್ಲಿ. 16ರಿಂದ 27½ ಅಂಗುಲದೊಳಗೆ ಮೂರು ವರ್ಗಗಳಿವೆ. ಅಳತೆಗೋಲಿಗೆ ಮೂರೂ ಒಂದೇ. ಆಗ ಕಾಲವನ್ನು ಕೇಳಬೇಕು. ಕುಳ್ಳು ಗಿಡಗಳ ಸರದಿ ಕಳೆದು ನೀಳ ಗಿಡಗಳ ಸರದಿ ಬರುವ ಮೊದಲು ಅರಳಿದರೆ ಅದು ‘ಮಧ್ಯಮ’. ನೀಳ ಗಿಡಗಳ ಜೊತೆಗೇ ಅರಳಿದರೆ ಉಳಿದೆರಡರಲ್ಲಿ ಒಂದು. ದಂಟು ಸಣ್ಣಗೆ, ಹೂ ಚಿಕ್ಕದು ಇದ್ದರೆ ಒಂದು ವರ್ಗ, ಇಲ್ಲದಿದ್ದರೆ ಇನ್ನೊಂದು. ಒಂದೇ ಗುರುತು ಹಿಡಿದು ತೀರ್ಮಾನ ಹೇಳಬಾರದೆಂಬುದೇ ಇದರ ತಾತ್ಪರ್ಯ.

ಈ ನ್ಯಾಯವನ್ನು ನಮ್ಮ ಮಲ್ಲಿಗೆಗೆ ಹಚ್ಚಿ ನೋಡೋಣ. ಉಡುಪಿಯವರಿಗೂ ಮಲ್ಲಿಗೆ, ಹೂವಿನ ಹಡಗಲಿಯವರಿಗೂ ಮಲ್ಲಿಗೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಗಿಡ ಒಂದೇ ಅಲ್ಲ. ಉಡುಪಿಯದು ದುಂಡುಮಲ್ಲಿಗೆಯ ಬಳಗ. 2013ರಲ್ಲಿ ಅದೇ ಮಾನ್ಯತೆ ಪಡೆದ ಮಧುರೆಯ ಮಲ್ಲಿಗೆಯೂ ಅದರ ಒಡಹುಟ್ಟು. ಹಡಗಲಿಯದು ಮೊಲ್ಲೆಯ ಬಳಗ. ತಮಿಳರು ಮುಲ್ಲೈ ಎನ್ನುವುದು ಇದನ್ನೇ. ನಮ್ಮ ಜಾಜಿಗೆ ಇಲ್ಲಿ ಪಿಚ್ಚಿ ಎಂದೋ ಜಾದಿಮಲ್ಲಿ ಎಂದೋ ಹೆಸರು. ಹಡಗಲಿ ಕಡೆಯಿಂದ ಬಂದ ಸೊಸೆ ಮೈಲಾಪುರದ ಮಾಡವೀದಿಯಲ್ಲಿ ‘ಮಲ್ಲಿ’ ಕೇಳಿದರೆ ದುಂಡುಮಲ್ಲಿಗೆಯನ್ನೇ ಮೊಳ ಹಾಕಿ ಕೊಡುತ್ತಾರೆ. ನಮ್ಮೂರ ಹೂವು ಈ ಊರಿನಲ್ಲಿಲ್ಲವೆಂದು ಆಕೆ ಮರುಗುತ್ತಾಳೆ. ಅದು ಪಕ್ಕದ ಬುಟ್ಟಿಯಲ್ಲೇ ಇದ್ದೀತು!

ಕುಂಡದಲ್ಲಿ ಬೆಳೆಸಲು ಸಸಿ ತರುವವರು ಇನ್ನೂ ಎಚ್ಚರದಿಂದಿರಬೇಕು. ಹೂವಿಲ್ಲದ ದಿನ ಎಲೆಯೇ ಸಾಕ್ಷಿ. ದುಂಡುಮಲ್ಲಿಗೆಯದು ಬಿಡಿ ಎಲೆ. ಮೊಲ್ಲೆಯಲ್ಲಿ ದೊಡ್ಡ ಎಲೆಯ ಬುಡಕ್ಕೆ ಕಿವಿಗಳಂತೆ ಎರಡು ಪುಟ್ಟ ಎಲೆಗಳು. ಜಾಜಿಯಲ್ಲಿ ಒಂದು ಕಡ್ಡಿಗೆ ಹಲವು ಕಿರುಎಲೆಗಳ ಸಾಲು; ಮೊಗ್ಗು ಬಂದರೆ ಅದಕ್ಕೆ ನಸುಗೆಂಪು ಛಾಯೆ.

ಕತ್ತರಿಯ ಕಾಲವೂ ಬೇರೆ ಬೇರೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಲಹೆಯಂತೆ ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರ ನೆಲದಿಂದ 50 ಸೆಂಟಿಮೀಟರು ಬಿಟ್ಟು ಸವರಬೇಕು. ಜಾಜಿಯನ್ನು ಡಿಸೆಂಬರ್ ಕೊನೆಯ ವಾರ. ಮೊಲ್ಲೆಯನ್ನು ಜನವರಿ ಕೊನೆಯ ವಾರ, 45 ಸೆಂಟಿಮೀಟರು ಬಿಟ್ಟು. ಹೊಸ ಚಿಗುರಿನಲ್ಲೇ ಮೊಗ್ಗು ಮೂಡುವುದರಿಂದ ಈ ಕಟ್ಟುಪಾಡು. ಜಾಜಿಯೆಂದು ತಿಳಿದು ಮೊಲ್ಲೆಗೆ, ಮೊಲ್ಲೆಯೆಂದು ತಿಳಿದು ದುಂಡುಮಲ್ಲಿಗೆಗೆ ಕತ್ತರಿ ಹಾಕಿದರೆ ಬೇಸಿಗೆಯ ಮೊಗ್ಗಿನ ಸುಗ್ಗಿಗೆ ಕುಂದು ಬಂದೀತು. ಆಮೇಲೆ ಮಣ್ಣನ್ನೂ ಮಾರಿದವನನ್ನೂ ದೂರಿ ಫಲವಿಲ್ಲ.

ನಮ್ಮ ಮಕ್ಕಳು ಹೂವಾಡಗಿತ್ತಿಯ ಮುಂದೆ ಮುಲ್ಲೈ, ಪಿಚ್ಚಿ ಎಂದೇ ಕೇಳಲಿ. ಅನ್ನವಿಟ್ಟ ಊರಿನ ಮಾತನ್ನಾಡುವುದು ಮರ್ಯಾದೆ. ಅದೇ ಹೂವು ಮನೆಯ ಹೊಸ್ತಿಲು ದಾಟಿದ ಮೇಲೆ ಮೊಲ್ಲೆ, ಜಾಜಿ ಎಂದು ಅವರಿಗೆ ತಿಳಿದಿರಬೇಕು. ಇದಕ್ಕೆ ಪಾಠಪುಸ್ತಕ ಬೇಡ. ಹೂ ಕಟ್ಟುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಹೂವನ್ನೂ ಅದರ ಹೆಸರಿನಿಂದ ಕರೆದರೆ ಸಾಕು.