ಅರ್ಧ ಗಂಟೆ ಬಿಟ್ಟುಕೊಡಿ

ಸಿಕಂದರಾಬಾದಿನ ಕನ್ನಡ ಬಂಧುಗಳೇ,

ಮಾರೇಡುಪಲ್ಲಿಯಲ್ಲಿರಿ, ತಾರ್ನಾಕದಲ್ಲಿರಿ, ಮಲ್ಕಾಜಗಿರಿ, ಸೈನಿಕಪುರಿ, ಬೊಲಾರಂ ಎಲ್ಲೇ ಇರಿ, ದುಡಿಯುವ ಅಪ್ಪ ಅಮ್ಮಂದಿರ ಬಾಯಲ್ಲಿ ಒಂದೇ ಮಾತು: "ವ್ಯಾಯಾಮ ಮಾಡ್ಬೇಕು ಅಂತ ಆಸೆ ಇದೆ, ಟೈಮೇ ಸಿಗಲ್ಲ." ಇದು ನೆಪವಲ್ಲ. ಬೆಳಿಗ್ಗೆ ಏಳು ದಾಟುವಷ್ಟರಲ್ಲಿ ಸ್ಕೂಲ್ ಬಸ್ಸು, ಆಮೇಲೆ ಹೈಟೆಕ್ ಸಿಟಿ ಕಡೆಗೆ ಮೆಟ್ರೊ ಇಲ್ಲವೇ ಕಂಪನಿ ಕ್ಯಾಬು, ಸಂಜೆ ಪ್ಯಾರಡೈಸ್ ಬಳಿ ಆಮೆ ನಡಿಗೆಯ ಟ್ರಾಫಿಕ್ಕು, ಮನೆಗೆ ಬಂದರೆ ಹೋಂವರ್ಕು, ಅಡುಗೆ. ಇಂಥ ದಿನಚರಿಯವರಿಗೆ ಶಿಸ್ತಿನ ಉಪದೇಶ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ನನ್ನ ಮನವಿ ವ್ಯಾಯಾಮ ಮಾಡಬೇಕಾದವರಿಗಿಂತ ಹೆಚ್ಚಾಗಿ ಅವರ ಸುತ್ತ ಇರುವವರಿಗೆ: ಅವರಿಗೆ ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಡಿ.

ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಎಂಬ ಅಂದಾಜು 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಇದು ಶೇ 42, ಹೆಂಗಸರಲ್ಲಿ ಶೇ 57. ಅದೇ ವರ್ಷ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆ ಇನ್ನೊಂದು ಲೆಕ್ಕ ಕೊಟ್ಟಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಟೈಮು ಎಲ್ಲಿಗೆ ಹೋಯಿತು ಎಂದು ಹುಡುಕಬೇಕಾಗಿಲ್ಲ.

ನಮ್ಮ ಮನೆಗಳ ಬೆಳಗು ಹೇಗಿರುತ್ತದೆ? ಐದೂವರೆಗೆ ಎದ್ದ ಅಮ್ಮ ಷೂ ಹಾಕಿಕೊಳ್ಳಲು ಬಾಗುತ್ತಾಳೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮಾವನವರಿಗೆ ಕಾಫಿ ಆಗಬೇಕು. ಟಿಫಿನ್ ಬಾಕ್ಸಿನ ಮುಚ್ಚಳ ಕಾಣೆ. ಒಳಗಿನಿಂದ ಮಗನ ಕೂಗು, "ಅಮ್ಮಾ, ಸಾಕ್ಸ್ ಎಲ್ಲಿ?" ಬಿಚ್ಚಿದ ಲೇಸು ಬಿಚ್ಚಿದಂತೆಯೇ ಷೂ ಮತ್ತೆ ಸ್ಟ್ಯಾಂಡಿಗೆ ಹೋಗುತ್ತದೆ. ಅಪ್ಪ ಮಾತ್ರ ಆಗಲೇ ಸಂಜೀವಯ್ಯ ಪಾರ್ಕಿನಲ್ಲಿ ಎರಡು ಸುತ್ತು ಮುಗಿಸಿರುತ್ತಾನೆ.

ಗಂಡಂದಿರೇ, ನಮ್ಮದು ರೈಲ್ವೆಯವರ ಊರು. ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇಲ್ಲಿದೆ. ಪಾಳಿ ಎಂದರೇನು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಅಡುಗೆಮನೆ ನಿಮ್ಮ ಪಾಳಿ, ಮಂಗಳವಾರ, ಗುರುವಾರ, ಶನಿವಾರ ಹೆಂಡತಿಯದು. ಚಾರ್ಜು ತೆಗೆದುಕೊಂಡ ಮೇಲೆ ಡ್ಯೂಟಿ ಮುಗಿಸಿ ಹೋದವರಿಗೆ ಫೋನ್ ಮಾಡಿ ಸಾಕ್ಸ್ ಎಲ್ಲಿದೆ ಎಂದು ಕೇಳುವಂತಿಲ್ಲ. ಮನೆಯ ಹಿರಿಯರೇ, ಸೊಸೆ ವಾಕಿಂಗ್ ಹೊರಟಾಗ "ಮನೇಲಿ ಮಾಡೋ ಕೆಲಸ ಸಾಲದಾ?" ಎನ್ನಬೇಡಿ. ಕಸ ಗುಡಿಸಿ ನೆಲ ಒರೆಸುವುದೂ ಮೈಗೆ ಕೆಲಸವೇ, ಒಪ್ಪೋಣ. ಆದರೆ ಒಲೆ ಮುಂದೆ ನಿಂತು ಚಪಾತಿ ಬೇಯಿಸಿದರೆ ಬೆವರು ಬರುತ್ತದೆಯೇ ಹೊರತು ಎದೆಗೂ ಕಾಲಿಗೂ ಬೇಕಾದ ವ್ಯಾಯಾಮ ಆಗುವುದಿಲ್ಲ. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರು ನಿಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದರೆ, ವಾರಕ್ಕೆರಡು ಸಲ ಅವರ ಮಗುವನ್ನು ನಿಮ್ಮ ಮಗುವಿನ ಜೊತೆಗೇ ಬಸ್ಸು ಹತ್ತಿಸಿ.

ಇನ್ನು ಎಷ್ಟು ಬೇಕು ಎಂಬ ಪ್ರಶ್ನೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು ಸಂಸ್ಥೆ 2020ರಲ್ಲಿ ಕೈಬಿಟ್ಟಿತು. ಅಂದರೆ ಚಿಲ್ಲರೆ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 12 ನಿಮಿಷ, ಶನಿವಾರ, ಭಾನುವಾರ 45 ನಿಮಿಷ ನಡೆದರೆ 150 ಆಯಿತು. ಮೆಟ್ರೊದಲ್ಲಿ ಒಂದು ನಿಲ್ದಾಣ ಮೊದಲೇ ಇಳಿದರೆ ಆ ದಿನದ ಪಾಲು ದಾರಿಯಲ್ಲೇ ಸಂದಾಯ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುವುದನ್ನೂ ಹಗುರವಾಗಿ ಕಾಣಬೇಡಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲೇ ತೋರಿಸಿಕೊಟ್ಟಿದ್ದ. ಸ್ನಾಯುಗಳಿಗೆ ಬಸ್ಕಿ ಇದೆ, ಗೋಡೆಗೆ ಕೈಯೂರಿ ಹೊಡೆಯುವ ದಂಡ ಇದೆ. ಇದಕ್ಕೆ ಜಿಮ್ಮಿನ ಫೀಸು ಬೇಕಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಎದೆನೋವು ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಮಕ್ಕಳ ಆಟಕ್ಕೆ ನಾವು ಹಿಂದೆಮುಂದೆ ನೋಡುವವರಲ್ಲ. ಪಿ.ವಿ. ಸಿಂಧು ಚಿಕ್ಕವಳಾಗಿದ್ದಾಗ ಸಿಕಂದರಾಬಾದಿನಿಂದ ಗಚ್ಚಿಬೌಲಿಯ ಗೋಪಿಚಂದ್ ಅಕಾಡೆಮಿಗೆ ದಿನಾ 56 ಕಿಲೋಮೀಟರ್ ಓಡಾಡುತ್ತಿದ್ದ ಕಥೆಯನ್ನು ಪ್ರತಿ ಮನೆಯಲ್ಲೂ ಹೇಳುತ್ತೇವೆ. ಆದರೆ ಆ ಕಥೆಯ ಅರ್ಧವನ್ನು ಮರೆಯುತ್ತೇವೆ. ಆಕೆಯ ಅಪ್ಪ ರಮಣ, ಅಮ್ಮ ವಿಜಯಾ ಇಬ್ಬರೂ ವಾಲಿಬಾಲ್ ಆಟಗಾರರು, ರೈಲ್ವೆ ನೌಕರರು. ರಮಣ ಅವರಿಗೆ 2000ದಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು. ಮೈದಾನಕ್ಕಿಳಿದು ಆಡಿದ ದೊಡ್ಡವರ ಮನೆಯಲ್ಲಿ ಆ ಹುಡುಗಿ ಬೆಳೆದಳು. ನಾವೋ ಮಕ್ಕಳನ್ನು ಕರಾಟೆಗೆ, ಈಜಿಗೆ, ಬ್ಯಾಡ್ಮಿಂಟನ್ನಿಗೆ ಬಿಟ್ಟು, ಹೊರಗೆ ಸ್ಕೂಟರಿನ ಮೇಲೆ ಕೂತು ಒಂದು ಗಂಟೆ ಮೊಬೈಲು ಉಜ್ಜುತ್ತೇವೆ. ಆ ಒಂದು ಗಂಟೆ ಯಾರ ಅಪ್ಪಣೆಯನ್ನೂ ಕೇಳದೆ ನಮಗೆ ಸಿಕ್ಕಿರುವ ಸಮಯ. ಸ್ಕೂಟರಿನಿಂದ ಇಳಿದು ನಡೆಯೋಣ.

ಅಪಾರ್ಟ್‌ಮೆಂಟ್ ಸಂಘದವರಲ್ಲೊಂದು ಕೋರಿಕೆ. ಸಂಜೆ ಆರರಿಂದ ಏಳರವರೆಗೆ ಮಕ್ಕಳು ಸೆಲ್ಲಾರಿನಲ್ಲಿ ಆಡುವಾಗ ಸರದಿಯ ಮೇಲೆ ಇಬ್ಬರು ದೊಡ್ಡವರು ನಿಗಾ ಇಡಲಿ, ಉಳಿದವರು ಕಾಂಪೌಂಡಿನ ಸುತ್ತ ನಡೆಯಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ಏಳು ಗಂಟೆಗೇ ಚುರುಗುಟ್ಟುತ್ತದೆ, ಆಗ ಟೆರೇಸಿನ ಬೀಗದ ಕೈ ಬೆಳಿಗ್ಗೆ ಐದೂವರೆಗೇ ಸಿಗುವಂತಾಗಲಿ. ಶಾಲೆಯವರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಮೈದಾನದ ಗೇಟು ತೆಗೆದರೆ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಆಡಬಹುದು. ಕಚೇರಿಗಳಲ್ಲಿ ಮೇಲಧಿಕಾರಿಗಳಾಗಿರುವ ಕನ್ನಡಿಗರು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಮೀಟಿಂಗ್ ಇಡದಿದ್ದರೆ ಅದೂ ದೊಡ್ಡ ಉಪಕಾರ. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಸೇರುವ ನಾವು ತಿಂಗಳಿಗೊಂದು ಭಾನುವಾರ ಟ್ಯಾಂಕ್ ಬಂಡ್ ಮೇಲೂ ಸೇರಬಹುದಲ್ಲ? ನಡೆಯುತ್ತಲೂ ಹರಟೆ ಹೊಡೆಯಬಹುದು.

ಎಲ್ಲವನ್ನೂ ಒಟ್ಟಿಗೆ ಮಾಡಿ ಎನ್ನುತ್ತಿಲ್ಲ. ಈ ಭಾನುವಾರ ಊಟಕ್ಕೆ ಕೂತಾಗ ಒಂದು ಹಾಳೆಯ ಮೇಲೆ ವಾರದ ಏಳು ದಿನ ಬರೆಯಿರಿ. ಪ್ರತಿ ದಿನದ ಮುಂದೆ ಎರಡು ಹೆಸರಿರಲಿ: ವ್ಯಾಯಾಮಕ್ಕೆ ಹೊರಡುವವರದು, ಮನೆಯ ಪಾಳಿ ಹಿಡಿಯುವವರದು. ಎರಡನೇ ಹೆಸರು ಇಲ್ಲದಿದ್ದರೆ ಮೊದಲನೆಯದು ಬರೀ ಆಸೆಯಾಗಿ ಉಳಿಯುತ್ತದೆ. ಆ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಸೋಮವಾರದಿಂದಲೇ ಶುರು ಮಾಡಿ.