ಮಟ್ಟೆ ಒಲೆಗೆ, ಮಣ್ಣು ಕೆರೆಗೆ!

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಒಮ್ಮೆ ಆಚೆ ನೋಡಲಿ. ತೋಟದ ಬದಿಯಲ್ಲಿ ಸುಲಿದ ಕಾಯಿಯ ಮಟ್ಟೆ ಗುಡ್ಡೆ ಬಿದ್ದಿರುತ್ತದೆ. ಮುಂದೆ ಕೆರೆ ಏರಿ ಬಂದರೆ, ಮಳೆನೀರು ಇಳಿದ ಕೊರಕಲುಗಳು ಅದರ ಮೈಯನ್ನೆಲ್ಲ ಗೀರಿರುತ್ತವೆ. ಈ ರೋಗಕ್ಕೆ ಆ ಮಟ್ಟೆಯೇ ಮದ್ದು ಎಂಬ ವಿಚಾರ ಇಲಾಖೆಯವರಿಗೆ ಇನ್ನೂ ಹೊಳೆದಂತಿಲ್ಲ.

ಬರದ ಸೀಮೆಗೆ ಪ್ರವಾಹದ ಮಾತೇಕೆ ಎಂದು ಮೂಗು ಮುರಿಯುವವರು 2022ನ್ನು ನೆನೆಯಲಿ. ಆ ವರ್ಷದ ಮಳೆಗೆ ತುಮಕೂರು ಜಿಲ್ಲೆಯಲ್ಲಿ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಜನಪ್ರತಿನಿಧಿಗಳಿಗೆ ಬಾಗಿನದ ಸಂಭ್ರಮ, ಏರಿಯ ಕೆಳಗಿನ ಊರಿನವರಿಗೆ ರಾತ್ರಿಯೆಲ್ಲ ಜಾಗರಣೆ! ಕೊಚ್ಚಿದ ಮಣ್ಣು ಹೋಗಿ ಕೂರುವುದೂ ಕೆರೆಗಳಲ್ಲೇ. ಹೂಳು ತುಂಬಿದಷ್ಟೂ ಕೆರೆ ಹಿಡಿಯುವ ನೀರು ಕಡಿಮೆ, ಕೋಡಿ ಬೀಳುವುದು ಬೇಗ.

ಏರಿ ಕೊರೆದರೆ ನಮ್ಮವರಿಗೆ ಗೊತ್ತಿರುವುದು ಎರಡೇ: ಒಂದು ಲೋಡು ಮಣ್ಣು, ಇಲ್ಲವೇ ಒಂದು ಲೋಡು ಕಲ್ಲು. ಸಡಿಲ ಮಣ್ಣು ಮುಂದಿನ ಮಳೆಗೇ ಇಳಿದುಹೋಗುತ್ತದೆ, ಬಿಲ್ಲು ಮಾತ್ರ ಉಳಿಯುತ್ತದೆ. ಕಲ್ಲಿನ ಕಥೆಯನ್ನು ಕರಾವಳಿಯವರು ಹೇಳುತ್ತಾರೆ. ಉಳ್ಳಾಲದಲ್ಲಿ ವರ್ಷಗಟ್ಟಲೆ ಕಡಲಿಗೆ ಬಂಡೆ ಸುರಿದರೂ ಕೊರೆತ ನಿಲ್ಲದೆ, ಕಡೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ನೀರಿನೊಳಗೇ ತಡೆದಿಬ್ಬ ಕಟ್ಟಬೇಕಾಯಿತು.

ತೆಂಗಿನ ನಾರಿನ ಬಲೆಯ ಕೆಲಸ ಸರಳ. ಇಳಿಜಾರಿಗೆ ಅದನ್ನು ಹಾಸಿ, ಗೂಟ ಬಡಿದು, ಕಣ್ಣುಗಳಲ್ಲಿ ಗರಿಕೆ ನೆಡುವುದು. ಮಳೆಹನಿಯ ಪೆಟ್ಟನ್ನು ನಾರು ತಾಳಿಕೊಳ್ಳುತ್ತದೆ, ತೇವ ಹಿಡಿದು ಬೇರಿಗೆ ಕೊಡುತ್ತದೆ. ಗೋಣಿನಾರಿನಂತೆ ಬೇಗ ಕೊಳೆಯದೆ ಎರಡು ಮೂರು ವರ್ಷ ತಡೆಯುತ್ತದೆ. ಕೊಳೆಯುವ ಹೊತ್ತಿಗೆ ಹುಲ್ಲಿನ ಬೇರೇ ಮಣ್ಣನ್ನು ಕಟ್ಟಿಹಾಕಿರುತ್ತದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ನಮ್ಮ ಕೊಬ್ಬರಿ ಕಾಯಿಯ ಮಟ್ಟೆಯಿಂದ ಯಂತ್ರದಲ್ಲಿ ತೆಗೆಯುವ ಕಂದು ನಾರೂ ಇದಕ್ಕೆ ಆಗುತ್ತದೆ.

ಇದೇನು ಹೊಸ ಪ್ರಯೋಗವಲ್ಲ. ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ನಾರಿನ ಬಲೆ ಹಾಸಿ ರಸ್ತೆ ಮಾಡಲು ಕೇಂದ್ರ ಸರ್ಕಾರ 2020ರಲ್ಲೇ ಏಳು ರಾಜ್ಯಗಳಿಗೆ 1,674 ಕಿ.ಮೀ. ಹಂಚಿತು. ಒಡಿಶಾಕ್ಕೆ 470, ತಮಿಳುನಾಡಿಗೆ 369, ತೆಂಗು ಅಷ್ಟಾಗಿ ಇಲ್ಲದ ತೆಲಂಗಾಣಕ್ಕೂ 121. ಕಲ್ಪತರು ನಾಡೆಂದು ಭಾಷಣದಲ್ಲಿ ಎದೆಯುಬ್ಬಿಸುವ ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಕೇಳಿದವರು ಯಾರು?

ಹಾಗೆಂದು ಬಲೆ ಹಾಸಿದ ಮಾತ್ರಕ್ಕೆ ಕೆರೆ ಉಳಿದೀತೆಂದು ಯಾರೂ ಭ್ರಮಿಸಬೇಕಿಲ್ಲ. ಅಲೆ ಬಡಿಯುವ ಒಳಮೈಗೆ ಕಲ್ಲು ಕಟ್ಟಲೇಬೇಕು. ಕೋಡಿ ಹಳ್ಳ ಮುಚ್ಚಿಹೋಗಿ ನೀರು ಏರಿಯ ತಲೆಯ ಮೇಲೆ ಹತ್ತಿದರೆ ನಾರೂ ಇಲ್ಲ, ಏರಿಯೂ ಇಲ್ಲ. ಹಳ್ಳದ ಅಂಚಿನವರೆಗೆ, ಕೆಲವೆಡೆ ಹಳ್ಳದೊಳಕ್ಕೇ ತೆಂಗಿನ ಸಸಿ ಇಟ್ಟವರು ಹೊರಗಿನವರೇನಲ್ಲ. ಸರ್ವೆಯವರು ಬಂದಾಗ ಅವರ ಪರವಾಗಿ ತಾಲ್ಲೂಕು ಕಚೇರಿಗೆ ಓಡುವ ಪುಢಾರಿಗಳ ಹೆಸರೂ ಪೇಟೆಗೆ ಗೊತ್ತು.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಯ ಪಾಲು, ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಪಾಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವ ಬದಲು, ಮೂರು ತಾಲ್ಲೂಕಿಗೆ ಒಂದೊಂದು ಕೆರೆ ಆರಿಸಿ, ಮೊದಲು ಕೋಡಿ ಹಳ್ಳ ಅಳೆದು ಬಿಡಿಸಿ, ಏರಿಯ ಹೊರಮೈಗೆ ಇಲ್ಲಿನ ನಾರಿನ ಬಲೆ ಹಾಸಿ ನೋಡಲಿ. ಮಳೆ ಹಿಡಿದ ಮೇಲೆ ಗೂಟ ನಿಲ್ಲುವುದಿಲ್ಲ. ಅಂದಾಜು ಪಟ್ಟಿ ಬೇಸಿಗೆಯಲ್ಲೇ ಮೇಜಿಗೆ ಬರಬೇಕು.