ಅಡಿಗೆಮನೆ: ಮುದಗಲ್ ಸೀಮೆಯ ರೊಟ್ಟಿಯೂಟ

ರಾಯಚೂರು ಜಿಲ್ಲೆಯ ಮುದಗಲ್ಲು ಕೋಟೆಯಿಂದ ಹೆಸರಾದ ಊರು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಮುಂದೆ ಬಹುಕಾಲ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಆಳುವವರು ಬದಲಾದರು, ಒಲೆಯ ಮೇಲಿನ ಹಂಚು ಮಾತ್ರ ಬದಲಾಗಲಿಲ್ಲ. ಹಿಂದೂಗಳ ಮನೆಯಲ್ಲಿಯೂ ಮುಸಲ್ಮಾನರ ಮನೆಯಲ್ಲಿಯೂ ಊಟವೆಂದರೆ ಮೊದಲು ಜೋಳದ ರೊಟ್ಟಿ.

ಇಲ್ಲಿಯ ಎರೆಭೂಮಿ ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಆ ತೇವವನ್ನೇ ನಂಬಿ, ಚಳಿಯಲ್ಲಿ ಬೆಳೆದು, ಬೇಸಿಗೆಯ ಬಾಗಿಲಲ್ಲಿ ಕೊಯ್ಲಿಗೆ ಬರುತ್ತದೆ. ರೊಟ್ಟಿಗೆ ಅದೇ ಉತ್ತಮ. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿ, ಕ್ರಮೇಣ ಎಡದಂಡೆ ಕಾಲುವೆ ಸಿಂಧನೂರಿನ ಕಡೆಯ ಹೊಲಗಳನ್ನು ತೋಯಿಸಿದ ಮೇಲೆ, ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಅನ್ನವು ಹಬ್ಬದ ಊಟವಾಗಿದ್ದುದು ದಿನದ ಊಟವಾಯಿತು. ಅದು ಸಂತೋಷದ ಸಂಗತಿಯೇ ಸರಿ. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿಯೂ ನಡೆಯಿತು. ರೊಟ್ಟಿ ಬಡಿಯಲು ಬಲ್ಲ ಕೈಗಳು ಮನೆಯಲ್ಲಿ ಕಡಿಮೆಯಾದವು. ಈಗ ಅನೇಕ ಕುಟುಂಬಗಳಲ್ಲಿ ಆ ವಿದ್ಯೆ ಅಜ್ಜಿಗೋ ಅತ್ತೆಗೋ ಮಾತ್ರ ಗೊತ್ತು. ಅವರ ಕೈ ಸೋತ ದಿನ ರೊಟ್ಟಿ ಅಂಗಡಿಯಿಂದ ಬರತೊಡಗುತ್ತದೆ. ಮಾರುವುದಕ್ಕೆಂದು ರೊಟ್ಟಿ ಮಾಡಿ ಸಂಸಾರ ತೂಗಿಸುವ ತಾಯಂದಿರು ಉತ್ತರ ಕರ್ನಾಟಕದ ಊರೂರಿನಲ್ಲಿ ಇದ್ದಾರೆ. ಅವರ ದುಡಿಮೆ ಗೌರವಕ್ಕೆ ಅರ್ಹವಾದುದು. ಆದರೂ ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳುವ ಬಿಸಿ ರೊಟ್ಟಿಯ ರುಚಿಯನ್ನು ಪೊಟ್ಟಣದಲ್ಲಿ ಕಟ್ಟಿ ಕೊಡಲು ಯಾರಿಂದಲೂ ಆಗದು.

ರೊಟ್ಟಿ ಕಷ್ಟವೆಂದು ಹೊಸ ಗೃಹಿಣಿಯರು ಅಂಜುವುದು ಸಹಜ. ಗೋಧಿಯ ಹಿಟ್ಟಿನಲ್ಲಿ ತಾನಾಗಿಯೇ ಎಳೆಗಟ್ಟುವ ಅಂಟು ಉಂಟು; ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದೊಡನೆ ಬಿರಿಯುತ್ತದೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರಳಿ ಅಂಟಾಗುತ್ತದೆ. ಗುಟ್ಟೆಲ್ಲ ಆ ಎಸರಿನಲ್ಲಿದೆ. ಇದನ್ನು ತಿಳಿದರೆ ಅರ್ಧ ವಿದ್ಯೆ ಬಂದಂತೆ. ಉಳಿದರ್ಧವನ್ನು ಕೈ ತಾನೇ ಕಲಿಯುತ್ತದೆ.

ಜೋಳದ ರೊಟ್ಟಿ

ಬೇಕಾದ ಪದಾರ್ಥಗಳು: ಹೊಸದಾಗಿ ಬೀಸಿಸಿದ ಬಿಳಿಜೋಳದ ಹಿಟ್ಟು 2 ಬಟ್ಟಲು, ನೀರು ಸುಮಾರು 1½ ಬಟ್ಟಲು, ಉಪ್ಪು ಒಂದು ಚಿಟಿಕೆ, ತಟ್ಟಲು ಒಣಹಿಟ್ಟು.

ಮಾಡುವ ಕ್ರಮ: ಹಿಟ್ಟನ್ನು ಜರಡಿ ಹಿಡಿದು ಪರಾತದಲ್ಲಿ ಹಾಕಿ, ನಡುವೆ ಕುಳಿ ಮಾಡಬೇಕು. ಉಪ್ಪು ಹಾಕಿದ ನೀರು ಕೊತಕೊತನೆ ಕುದಿಯುವಾಗ ಒಂದು ಬಟ್ಟಲಿನಷ್ಟನ್ನು ಆ ಕುಳಿಗೆ ಸುರಿದು, ಚಮಚದಿಂದ ಕಲಕಿ, ಐದು ನಿಮಿಷ ಮುಚ್ಚಿಡಿರಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ಅಂಗೈಯ ಬುಡದಿಂದ ಒತ್ತಿ ನಾದಬೇಕು. ಬೇಕಾದಂತೆ ಉಳಿದ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ ಹೋಗಿರಿ. ಹಿಟ್ಟು ಬೆಣ್ಣೆಯಂತೆ ನುಣುಪಾಗಬೇಕು. ಅಂಚಿನಲ್ಲಿ ಬಿರುಕು ಕಂಡರೆ ಇನ್ನೂ ನಾದುವುದು ಉಳಿದಿದೆ ಎಂದರ್ಥ.

ಎಲ್ಲ ಉಂಡೆಗಳನ್ನೂ ಒಮ್ಮೆಗೇ ಕಟ್ಟಿಡಬಾರದು. ಒಂದು ರೊಟ್ಟಿಗೆ ಬೇಕಾದಷ್ಟನ್ನು ತೆಗೆದುಕೊಂಡು, ಮತ್ತೊಮ್ಮೆ ನಾದಿ, ಒಣಹಿಟ್ಟಿನ ಮೇಲಿಟ್ಟು, ಬೆರಳುಗಳನ್ನು ಜೋಡಿಸಿ ತಟ್ಟುತ್ತ ಸುತ್ತಲೂ ತಿರುಗಿಸಬೇಕು. ಮೊದಮೊದಲು ಗುಂಡಗೆ ಬಾರದಿದ್ದರೆ ಚಿಂತೆಯಿಲ್ಲ. ದಪ್ಪ ಎಲ್ಲೆಡೆಯೂ ಸಮನಾಗಿದ್ದರೆ ಸಾಕು. ಹಂಚು ಚೆನ್ನಾಗಿ ಕಾದ ಮೇಲೆ, ಒಣಹಿಟ್ಟು ಮೆತ್ತಿದ ಮೈ ಮೇಲೆ ಬರುವಂತೆ ರೊಟ್ಟಿಯನ್ನು ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿರಿ. ನೀರು ಆರುತ್ತ ಬಂದಾಗ ಮಗುಚಿ ಹಾಕಿ, ಬೆಂದ ಮೇಲೆ ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಈ ಅಳತೆಗೆ ಐದಾರು ರೊಟ್ಟಿಗಳಾಗುತ್ತವೆ.

ಇನ್ನೂ ತೆಳ್ಳಗೆ ಬಡಿದು, ಬೇಯಿಸಿ, ಗಾಳಿಯಾಡುವಲ್ಲಿ ಪೂರಾ ಒಣಗಿಸಿದರೆ ಕಟಕ ರೊಟ್ಟಿ ಸಿದ್ಧ. ತೇವ ತಾಕದಂತೆ ಕಾಪಾಡಿದರೆ ಅದು ಅನೇಕ ದಿನ ಬಾಳುತ್ತದೆ. ದೂರದ ಊರಿಗೆ ಓದಲು ಹೋಗುವ ಮಗನಿಗೂ ಮಗಳಿಗೂ ಇದಕ್ಕಿಂತ ಒಳ್ಳೆಯ ಬುತ್ತಿಯಿಲ್ಲ.

ಪುಂಡಿಪಲ್ಯ

ರೊಟ್ಟಿ ಒಣಪದಾರ್ಥ; ಅದಕ್ಕೆ ಜೊತೆಯಾಗುವುದು ಮೆತ್ತಗೂ ಖಾರವಾಗಿಯೂ ಇರಬೇಕು. ಹುಳಿಯಾದ ಪುಂಡಿಸೊಪ್ಪು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ತೆಲುಗರು ಗೋಂಗೂರ ಎಂದು ಕರೆಯುವ ಸೊಪ್ಪೂ ಇದೇ.

ಬೇಕಾದ ಪದಾರ್ಥಗಳು: ಬಿಡಿಸಿ ತೊಳೆದ ಪುಂಡಿಸೊಪ್ಪು 4 ಹಿಡಿ, ತೊಗರಿಬೇಳೆ ¼ ಬಟ್ಟಲು, ಜೋಳದ ನುಚ್ಚು ¼ ಬಟ್ಟಲು, ಹಸಿಮೆಣಸಿನಕಾಯಿ 6, ಬೆಳ್ಳುಳ್ಳಿ 10 ಎಸಳು, ಅರಿಸಿನ, ಉಪ್ಪು, ಎಣ್ಣೆ 3 ಚಮಚ, ಸಾಸಿವೆ ಮತ್ತು ಜೀರಿಗೆ.

ಮಾಡುವ ಕ್ರಮ: ನುಚ್ಚನ್ನು ಒಂದು ಗಂಟೆ ನೆನೆಹಾಕಿ, ಬೇಳೆಯೊಂದಿಗೆ ಅರಿಸಿನ ಹಾಕಿ ಮೆತ್ತಗೆ ಬೇಯಿಸಿರಿ. ಸೊಪ್ಪನ್ನೂ ಮೆಣಸಿನಕಾಯಿಯನ್ನೂ ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಹುಳಿ ಹೆಚ್ಚೆನಿಸಿದರೆ ನೀರನ್ನು ಬಸಿಯಿರಿ. ಬಳಿಕ ಎಲ್ಲವನ್ನೂ ಕೂಡಿಸಿ, ಉಪ್ಪು ಹಾಕಿ, ಕಡೆಗೋಲಿನಿಂದ ಚೆನ್ನಾಗಿ ಮಸೆದು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಹುರಿದು ಒಗ್ಗರಣೆ ಕೊಡಿರಿ.

ಇಲ್ಲಿ ಎರಡು ಎಚ್ಚರಿಕೆಗಳು. ಬೇಳೆ ಬೇಯುವ ಮೊದಲೇ ಸೊಪ್ಪನ್ನು ಸೇರಿಸಬಾರದು. ಹುಳಿ ತಾಕಿದರೆ ಬೇಳೆ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಹಾಗೆಯೇ ಅಲ್ಯೂಮಿನಿಯಂ ಪಾತ್ರೆಯನ್ನೂ ಕಲಾಯಿ ಹೋದ ತಾಮ್ರ, ಹಿತ್ತಾಳೆಗಳನ್ನೂ ಈ ಪಲ್ಯಕ್ಕೆ ಬಳಸಬಾರದು. ಮಣ್ಣಿನ ಗಡಿಗೆ ಅಥವಾ ಸ್ಟೀಲಿನ ಪಾತ್ರೆ ಉತ್ತಮ. ಪಲ್ಯ ಮಾಡಿದ ದಿನಕ್ಕಿಂತ ಮರುದಿನ ಇನ್ನೂ ರುಚಿ.

ಗುರೆಳ್ಳು ಹಿಂಡಿ

ಹಳೆಯ ಮೈಸೂರಿನವರ ಹುಚ್ಚೆಳ್ಳೇ ಇಲ್ಲಿಯ ಗುರೆಳ್ಳು. ಅವರ ಚಟ್ನಿಪುಡಿಯೇ ಇಲ್ಲಿಯ ಹಿಂಡಿ. ಗಟ್ಟಿ ಮೊಸರಿನೊಡನೆ ಒಂದು ಚಮಚ ಹಿಂಡಿಯಿದ್ದರೆ, ಪಲ್ಯವಿಲ್ಲದ ದಿನವೂ ಊಟ ಸಾಗುತ್ತದೆ.

ಬೇಕಾದ ಪದಾರ್ಥಗಳು: ಗುರೆಳ್ಳು 1 ಬಟ್ಟಲು, ಒಣಮೆಣಸಿನಕಾಯಿ 8ರಿಂದ 10, ಬೆಳ್ಳುಳ್ಳಿ 12 ಎಸಳು, ಜೀರಿಗೆ 1 ಚಮಚ, ಉಪ್ಪು.

ಮಾಡುವ ಕ್ರಮ: ಗುರೆಳ್ಳನ್ನು ಕಲ್ಲುಮಣ್ಣಿಲ್ಲದಂತೆ ಆರಿಸಿ, ಸಣ್ಣ ಉರಿಯಲ್ಲಿ ಚಟಪಟನೆ ಸಿಡಿಯುವವರೆಗೆ ಹುರಿಯಿರಿ. ಕಾಳು ಕಪ್ಪಾಗಿರುವುದರಿಂದ ಸೀದದ್ದು ಕಣ್ಣಿಗೆ ತಿಳಿಯದು; ಮೂಗನ್ನೇ ನಂಬಬೇಕು. ಘಮ ಬಂದೊಡನೆ ಇಳಿಸಿರಿ. ಮೆಣಸಿನಕಾಯಿ, ಜೀರಿಗೆಗಳನ್ನು ಬೇರೆಬೇರೆಯಾಗಿ ಹುರಿದು, ಎಲ್ಲವೂ ಪೂರಾ ಆರಿದ ಮೇಲೆ ಉಪ್ಪು ಸೇರಿಸಿ ಕುಟ್ಟಬೇಕು. ಬೆಳ್ಳುಳ್ಳಿಯನ್ನು ಕೊನೆಯಲ್ಲಿ ಹಾಕಿ. ಮಿಕ್ಸಿಯಲ್ಲಿ ಪುಡಿ ಮಾಡುವವರು ತಡೆತಡೆದು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಕಾಳು ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಮುಟಗಿ

ಮಕ್ಕಳು ರೊಟ್ಟಿ ಒಲ್ಲೆನೆಂದಾಗ ತಾಯಂದಿರ ಕೈಯಲ್ಲಿ ಈ ಉಪಾಯವಿದೆ. ರೊಟ್ಟಿಯನ್ನು ಸ್ವಲ್ಪ ದಪ್ಪಗೆ ಮಾಡಿ, ಬಿಸಿಯಾಗಿರುವಾಗಲೇ ಮುರಿದು, ಎರಡು ಎಸಳು ಬೆಳ್ಳುಳ್ಳಿ, ಒಂದು ಮೆಣಸಿನಕಾಯಿ, ಚಿಟಿಕೆ ಜೀರಿಗೆ ಮತ್ತು ಉಪ್ಪಿನೊಡನೆ ಒರಳಿನಲ್ಲಿ ಕುಟ್ಟಬೇಕು. ಒಂದು ಚಮಚ ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಬೆರೆಸಿ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿದರೆ ಮುಟಗಿಯಾಯಿತು. ಚಿಕ್ಕ ಮಕ್ಕಳಿಗೆ ಮೆಣಸಿನಕಾಯಿಯ ಬದಲು ಬೆಲ್ಲ ಹಾಕಿ, ಬೆಳ್ಳುಳ್ಳಿ, ಜೀರಿಗೆ ಬಿಟ್ಟು ಕುಟ್ಟಬಹುದು. ತಣ್ಣಗಾದ ರೊಟ್ಟಿಯಿಂದ ಇದು ಆಗದು, ಪುಡಿಯಾಗಿ ಉದುರುತ್ತದೆ.

ಮೊಹರಮ್ಮಿನ ಚೊಂಗೆ

ಮುದಗಲ್ಲಿನ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರನ್ನು ನೆನೆಯುವ ಆ ದಿನಗಳಲ್ಲಿ, ದೂರದೂರದ ಊರುಗಳಿಂದ ಜನ ಇಲ್ಲಿಗೆ ಬಂದು ಸೇರುತ್ತಾರೆ. ಅಲಾಯಿ ದೇವರಿಗೆ ಹಿಂದೂಗಳೂ ಮುಸಲ್ಮಾನರೂ ಸಕ್ಕರೆ ಓದಿಸುತ್ತಾರೆ, ಹರಕೆ ಸಲ್ಲಿಸುತ್ತಾರೆ. ಆಗ ಈ ಸೀಮೆಯ ಮನೆಗಳಲ್ಲಿ ಮಾಡುವ ಸಿಹಿಯೇ ಚೊಂಗೆ. ಚೊಂಗ್ಯಾ ಎಂದೂ ಅನ್ನುವುದುಂಟು. ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ಒಂದು ವರ್ಷ ಮಳೆಗಾಲದಲ್ಲಿ, ಕೆಲವು ವರ್ಷಗಳ ನಂತರ ಬೇಸಿಗೆಯಲ್ಲಿ ಬೀಳುತ್ತದೆ. ಚೊಂಗೆಗೆ ಬೇಕಾದ ಗೋಧಿ, ಬೆಲ್ಲ, ಒಣಕೊಬ್ಬರಿಗಳಾದರೋ ಎಲ್ಲ ಕಾಲದಲ್ಲಿಯೂ ಮನೆಯಲ್ಲಿರುವಂಥವು. ಇದನ್ನು ಮಾಡುವ ರೀತಿ ಮನೆಯಿಂದ ಮನೆಗೆ ಬೇರೆ. ಕೆಲವರು ಕರಿಯುತ್ತಾರೆ, ಕೆಲವರು ಹಂಚಿನ ಮೇಲೆ ಬೇಯಿಸುತ್ತಾರೆ. ಸುಲಭವಾದ ಒಂದು ರೀತಿ ಹೀಗಿದೆ.

ಬೇಕಾದ ಪದಾರ್ಥಗಳು: ಗೋಧಿಹಿಟ್ಟು 2 ಬಟ್ಟಲು, ತುಪ್ಪ 2 ಚಮಚ ಮತ್ತು ಮೇಲೆ ಹಾಕಲು ಸ್ವಲ್ಪ, ತುರಿದ ಬೆಲ್ಲ ¾ ಬಟ್ಟಲು, ಪುಟಾಣಿಯ ಪುಡಿ ½ ಬಟ್ಟಲು, ತುರಿದ ಒಣಕೊಬ್ಬರಿ ½ ಬಟ್ಟಲು, ಹುರಿದ ಗಸಗಸೆ 1 ಚಮಚ, ಏಲಕ್ಕಿ, ಚಿಟಿಕೆ ಉಪ್ಪು.

ಮಾಡುವ ಕ್ರಮ: ಹಿಟ್ಟಿಗೆ ಉಪ್ಪು, ತುಪ್ಪ ಬೆರೆಸಿ, ಪೂರಿಯ ಹಿಟ್ಟಿನಂತೆ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿರಿ. ಅಂಗೈಯಗಲ, ಸ್ವಲ್ಪ ದಪ್ಪಗೆ ಲಟ್ಟಿಸಿ, ಬೆರಳ ತುದಿಯಿಂದ ಮೇಲೆಲ್ಲ ಸಾಲುಸಾಲಾಗಿ ಕುಳಿಗಳನ್ನು ಒತ್ತಿರಿ. ಈ ಚಿತ್ತಾರ ನೋಟಕ್ಕಷ್ಟೇ ಅಲ್ಲ. ತುಪ್ಪವೂ ಬೆಲ್ಲವೂ ನಿಲ್ಲುವುದು ಆ ಕುಳಿಗಳಲ್ಲಿಯೇ. ಸಣ್ಣ ಉರಿಯಲ್ಲಿ ಎರಡೂ ಮೈ ಕೆಂಪಗಾಗುವಂತೆ ಹಂಚಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಕುಳಿಯ ಮೈಗೆ ತುಪ್ಪ ಸವರಿ, ಬೆಲ್ಲ, ಪುಟಾಣಿ, ಕೊಬ್ಬರಿ, ಗಸಗಸೆ, ಏಲಕ್ಕಿಗಳನ್ನು ಕಲಸಿದ ಪುಡಿಯನ್ನು ದಟ್ಟವಾಗಿ ಹರಡಿರಿ. ಒಂದರ ಮೇಲೊಂದು ಪೇರಿಸಿ ಮುಚ್ಚಿಟ್ಟರೆ ಬಿಸಿಗೆ ಬೆಲ್ಲ ಕರಗಿ ಒಳಗಿಳಿಯುತ್ತದೆ. ಒಂದು ಗಂಟೆಯ ಬಳಿಕ ತಿಂದರೆ ರುಚಿ ಹೆಚ್ಚು.

ಕೆಲವು ಸೂಚನೆಗಳು

ಜೋಳದ ಹಿಟ್ಟನ್ನು ಒಮ್ಮೆಗೆ ಹೆಚ್ಚು ಬೀಸಿಸಿ ಇಡಬೇಡಿರಿ. ಹಳೆಯದಾದಂತೆಲ್ಲ ಅದು ಜಿಗಿ ಕಳೆದುಕೊಂಡು ಕಹಿಯಾಗುತ್ತದೆ. ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ಬೀಸಿಸುವುದು ಒಳ್ಳೆಯದು.

ಪೇಟೆಯಲ್ಲಿ ಹಿಟ್ಟನ್ನೇ ಕೊಳ್ಳಬೇಕಾದವರು ಬೀಸಿದ ದಿನಾಂಕವನ್ನು ನೋಡಿಕೊಳ್ಳಬೇಕು. ರೊಟ್ಟಿ ಬಿರಿದಾಗ ತಪ್ಪು ಅನೇಕ ವೇಳೆ ಕೈಯದಲ್ಲ, ಹಿಟ್ಟಿನದು.

ಹಿಟ್ಟು ಜಿಗಿ ಬಿಟ್ಟಿದ್ದರೆ ಕುದಿಯುವ ನೀರಿನ ಪಾಲನ್ನು ಸ್ವಲ್ಪ ಹೆಚ್ಚಿಸಿರಿ. ಅಥವಾ ಒಂದು ಹಿಡಿ ಗೋಧಿಹಿಟ್ಟು ಕೂಡಿಸಿರಿ. ಆದರೆ ಮನೆಯಲ್ಲಿ ಯಾರಾದರೂ ವೈದ್ಯರ ಸಲಹೆಯಂತೆ ಗೋಧಿ ಬಿಟ್ಟಿದ್ದರೆ ಈ ಎರಡನೆಯ ಉಪಾಯ ಸಲ್ಲದು.

ಎಳ್ಳು ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಕಾಲಕ್ಕೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಮಾಡುವ ರೂಢಿಯಿದೆ. ಅದಕ್ಕೂ ಇದೇ ಎಸರಿನ ಕ್ರಮ. ತಟ್ಟುವಾಗ ಮೇಲೆ ಎಳ್ಳು ಉದುರಿಸಿ ಒತ್ತಿದರೆ ಸಾಕು.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳಕ್ಕೂ ಸಜ್ಜೆಗೂ ನಗರಗಳಲ್ಲಿ ಮತ್ತೆ ಮನ್ನಣೆ ಬಂದಿದೆ. ಮನ್ನಣೆಯಿಂದ ಹಿಟ್ಟು ಮನೆಗೆ ಬಂದೀತು. ರೊಟ್ಟಿ ಬರುವುದು ಕಲಿತ ಕೈಯಿಂದಲೇ. ನಾದಿದ ಹಿಟ್ಟಿನ ಹದವನ್ನು ಯಾವ ಅಳತೆಯ ಬಟ್ಟಲೂ ಹೇಳಲಾರದು. ಬಲ್ಲವರ ಪಕ್ಕದಲ್ಲಿ ಕುಳಿತು ಮುಟ್ಟಿ ನೋಡಿಯೇ ತಿಳಿಯಬೇಕು. ಮನೆಯಲ್ಲಿ ಅಜ್ಜಿಯಿದ್ದರೆ ಬರುವ ರವಿವಾರವೇ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಅವರ ಪಕ್ಕದಲ್ಲಿ ಕೂರಿಸಿರಿ. ಮೊದಲ ನಾಲ್ಕು ರೊಟ್ಟಿ ಹರಿದರೆ ಹರಿಯಲಿ. ಬಿಸಿಯಿರುವಾಗಲೇ ಕುಟ್ಟಿದರೆ ಅವೂ ಮುಟಗಿಯಾಗುತ್ತವೆ.